ಕ್ಯೂ10 ಅಥವಾ ಕ್ರಿಯೇಟಿನ್: ನರಕೋಶ ಕಾಯಲು ಯಾವುದು?

ಮನೆಯಲ್ಲಿ ಯಾರಿಗಾದರೂ ಪಾರ್ಕಿನ್ಸನ್ (ಮೆದುಳಿನ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ) ಇದ್ದರೆ ಕ್ಯೂ10, ಕ್ರಿಯೇಟಿನ್ ಎಂಬ ಈ ಎರಡು ಪೂರಕಗಳ ಮಾತು ಬಂದೇ ಬರುತ್ತದೆ. ಕಾರಣವೂ ಇದೆ. ಮೆದುಳಿನ ತೂಕ ದೇಹದ 2% ಅಷ್ಟೆ, ಆದರೆ ಶಕ್ತಿಯಲ್ಲಿ ಸುಮಾರು 20% ಅದಕ್ಕೇ ಬೇಕು. ಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ ಸೋತರೆ ಮೊದಲು ನರಳುವುದೇ ನರಕೋಶ.

ಕೋಎನ್‌ಜೈಮ್ ಕ್ಯೂ10 ಕೆಲಸ ಮಾಡುವುದು ಶಕ್ತಿ ತಯಾರಾಗುವ ಜಾಗದಲ್ಲೇ. ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್ 1 ಮತ್ತು 2 ಎಂಬ ಪ್ರೋಟೀನ್ ಗುಂಪುಗಳಿಂದ ಎಲೆಕ್ಟ್ರಾನ್ ಹೊತ್ತು 3ಕ್ಕೆ ಮುಟ್ಟಿಸುತ್ತದೆ. ಕ್ರಿಯೇಟಿನ್ ದಾರಿ ಬೇರೆ. ಫಾಸ್ಫೇಟ್ ಕೂಡಿಟ್ಟುಕೊಂಡು, ಎಟಿಪಿ (ಕೋಶ ಬಳಸುವ ಶಕ್ತಿಯ ಅಣು) ಖಾಲಿಯಾಗುತ್ತಿದ್ದಂತೆ ತುಂಬಿಕೊಡುತ್ತದೆ.

ಇಲಿಗಳಲ್ಲಿ ಎರಡೂ ಭರವಸೆ ಹುಟ್ಟಿಸಿದವು. ಮನುಷ್ಯರಲ್ಲಿ? 600 ಜನರ ಪ್ರಯೋಗದಲ್ಲಿ ದಿನಕ್ಕೆ 1200 ಮತ್ತು 2400 ಮಿ.ಗ್ರಾಂ ಕ್ಯೂ10 ಕೊಟ್ಟು ನೋಡಿದರು. ಪಾರ್ಕಿನ್ಸನ್ ನಿಧಾನವಾಗಲಿಲ್ಲ. ಕ್ರಿಯೇಟಿನ್ ಪ್ರಯೋಗ ಇನ್ನೂ ದೊಡ್ಡದು: 1741 ಜನ, ದಿನಕ್ಕೆ 10 ಗ್ರಾಂ. ಪ್ರಯೋಜನ ಕಾಣದೆ 2013ರಲ್ಲಿ ನಿಲ್ಲಿಸಿದರು. ಹಂಟಿಂಗ್ಟನ್ ಎಂಬ ಆನುವಂಶಿಕ ಮೆದುಳಿನ ಕಾಯಿಲೆಯಲ್ಲೂ ಎರಡರದ್ದೂ ಇದೇ ಕಥೆ. ಬೇಸರವಾಗುತ್ತದೆ, ಅಲ್ವಾ?

ಆದ್ದರಿಂದ ಪಾರ್ಕಿನ್ಸನ್ ತಡೆಯಲೆಂದು ಇವೆರಡರಲ್ಲಿ ಯಾವುದನ್ನೂ ನಾನು ಹೇಳಲಾರೆ. ಬೇರೆ ಕಾರಣಕ್ಕೆ ತೆಗೆದುಕೊಳ್ಳುವುದಾದರೂ ಡಾಕ್ಟರ್‌ಗೆ ಹೇಳಿ. ಕ್ಯೂ10, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನ ಪರಿಣಾಮ ಕಡಿಮೆ ಮಾಡಬಹುದು. ಕಿಡ್ನಿ ತೊಂದರೆ ಇರುವವರು ಕ್ರಿಯೇಟಿನ್ ಸುಮ್ನೆ ಶುರು ಮಾಡಬಾರದು. ನಡಿಗೆ, ಸಮತೋಲನಕ್ಕೆ ನೆರವಾಗುವ ವ್ಯಾಯಾಮಕ್ಕೆ ಇವೆರಡಕ್ಕಿಂತ ಜಾಸ್ತಿ ಪುರಾವೆ ಇದೆ.

ಹಾಗಂತ ಮೈಟೊಕಾಂಡ್ರಿಯಾದ ದಾರಿಯೇ ತಪ್ಪಲ್ಲ. ಕ್ಯೂ10ನ್ನು ಹೋಲುವ ಐಡಿಬೆನೋನ್ ಎಂಬ ಔಷಧಿಗೆ 2015ರಲ್ಲಿ ಯುರೋಪ್ ಒಪ್ಪಿಗೆ ಕೊಟ್ಟಿತು. ಅದು ದೃಷ್ಟಿ ಕಸಿಯುವ ಲೇಬರ್ (Leber) ಎಂಬ ಆನುವಂಶಿಕ ಕಾಯಿಲೆಗೆ. ಅಲ್ಲಿ ಕಣ್ಣಿನ ನರ ಹಾಳಾಗುವುದು ಮೈಟೊಕಾಂಡ್ರಿಯಾದ ಡಿಎನ್‌ಎ ದೋಷದಿಂದಲೇ.