ಶಿಕೊಕು ಸುತ್ತಲು ಯಾವುದು ಸರಿ: ರೈಲೋ, ನಾವೇ ಓಡಿಸುವ ವ್ಯಾನೋ, ಬಾಡಿಗೆ ಬಸ್ಸೋ?

ಊರಿಂದ ಬಂದವರಿಗೆ ಟೋಕಿಯೊ, ಕ್ಯೋಟೊ, ಒಸಾಕಾ ತೋರಿಸುವುದು ಕಷ್ಟವಲ್ಲ. ಎಲ್ಲಿಗೆ ಬೇಕಾದರೂ ರೈಲು ಸಿಗುತ್ತದೆ. ತಲೆಬಿಸಿ ಶುರುವಾಗುವುದು ಅದರಾಚೆಯ ಜಪಾನನ್ನು ತೋರಿಸಬೇಕು ಅಂದಾಗ. ನಾವಿರುವುದು ಕೋಬೆಯಲ್ಲಿ, ಇಲ್ಲಿಂದ ಶಿಕೊಕು ದ್ವೀಪ ಹತ್ತಿರ. ಅಪ್ಪ-ಅಮ್ಮ, ಚಿಕ್ಕಪ್ಪ-ಚಿಕ್ಕಮ್ಮ, ಅತ್ತೆ-ಮಾವ, ಮಕ್ಕಳು ಅಂತ ಎಂಟು-ಹತ್ತು ಜನರ ಗುಂಪನ್ನು ಬೇರೆ ಬೇರೆ ವರ್ಷ ಬೇರೆ ಬೇರೆ ರೀತಿಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗಿದ್ದೇವೆ. ಒಮ್ಮೆ ರೈಲು ಮತ್ತು ಲೋಕಲ್ ಬಸ್ಸು, ಒಮ್ಮೆ ನಾವೇ ಓಡಿಸಿದ ವ್ಯಾನು, ಆಮೇಲೆ ಡ್ರೈವರ್ ಸಮೇತ ಬಾಡಿಗೆಗೆ ಹಿಡಿದ ಚಿಕ್ಕ ಬಸ್ಸು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗುಂಪಿನಲ್ಲಿ ವಯಸ್ಸಾದವರಿದ್ದರೆ ಬೆಟ್ಟದ ಭಾಗಕ್ಕೆ ಬಸ್ಸು ಬೇಕೇ ಬೇಕು. ಪೂರ್ತಿ ಪ್ರವಾಸಕ್ಕೆ ಮಾತ್ರ ಬೇಡ.

ಇದಕ್ಕೆ ಕಾರಣ ಶಿಕೊಕುವಿನ ಮೈಕಟ್ಟು. ನಾಲ್ಕು ಪ್ರಾಂತ್ಯಗಳ ಈ ದ್ವೀಪದಲ್ಲಿ ಬುಲೆಟ್ ರೈಲಾದ ಶಿಂಕಾನ್‌ಸೆನ್ ಇಲ್ಲ. ತಕಮತ್ಸು, ತೊಕುಶಿಮಾ, ಕೊಚ್ಚಿ, ಮತ್ಸುಯಾಮಾ ನಾಲ್ಕೂ ಕರಾವಳಿ ಕಡೆಯ ಊರುಗಳು, ನಡುವೆ ಪೂರ್ತಿ ಬೆಟ್ಟ. ಊರಿಂದ ಊರಿಗೆ ರೈಲು ಚೆನ್ನಾಗಿದೆ. ಎಲ್ಲರೂ ನೋಡಬೇಕು ಅನ್ನುವ ಇಯಾ ಕಣಿವೆ ಇರುವುದು ಮಾತ್ರ ಆ ಬೆಟ್ಟಗಳ ಒಳಗೆ.

ರೈಲಿನಿಂದ ಶುರು ಮಾಡೋಣ. ಕೋಬೆಯಿಂದ ಒಕಯಾಮಾವರೆಗೆ ಶಿಂಕಾನ್‌ಸೆನ್, ಅಲ್ಲಿಂದ ಕೊಚ್ಚಿ ಕಡೆ ಹೋಗುವ ನಾನ್‌ಪು ಎಕ್ಸ್‌ಪ್ರೆಸ್. 1988ರಲ್ಲಿ ಶುರುವಾದ ಸೆತೊ ಸೇತುವೆ ಮೇಲೆ ರೈಲು ಸಮುದ್ರ ದಾಟುವಾಗ ಕಿಟಕಿಯ ಕೆಳಗೆ ಸಣ್ಣ ಸಣ್ಣ ದ್ವೀಪಗಳು, ಹಡಗುಗಳು. ನಮ್ಮ ಚಿಕ್ಕಪ್ಪ ನಿಂತೇ ನೋಡಿದರು. ಇದೇ ಮಾರ್ಗದಲ್ಲಿ ಅನ್‌ಪಾನ್‌ಮನ್ ಕಾರ್ಟೂನ್ ಬಳಿದ ರೈಲುಗಳೂ ಓಡುತ್ತವೆ, ಮಕ್ಕಳಿದ್ದರೆ ಅದನ್ನೇ ನೋಡಿ ಹಿಡಿಯಿರಿ. ಕೊತೊಹಿರಾ ದಾಟಿದ ಮೇಲೆ ರೈಲು ಬೆಟ್ಟ ಹತ್ತುತ್ತದೆ. ಒಬೊಕೆ ಹತ್ತಿರ ಹಸಿರು ನೀರಿನ ಯೊಶಿನೊ ನದಿ ಪಕ್ಕದಲ್ಲೇ ಬರುತ್ತದೆ. ಬಸ್ಸಲ್ಲಿ ಹೋದರೂ ಇಷ್ಟು ಆರಾಮಾಗಿ ಇದನ್ನು ನೋಡಲು ಆಗುವುದಿಲ್ಲ.

ಟಿಕೆಟ್ ವಿಷಯಕ್ಕೆ ಬಂದರೆ, ದೇಶಕ್ಕೆಲ್ಲ ನಡೆಯುವ ಜೆಆರ್ (ಜಪಾನ್ ರೈಲ್ವೇಸ್) ಪಾಸ್ ಈ ಪ್ರವಾಸಕ್ಕೆ ಬೇಡ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಶಿಕೊಕುವಿಗೆ ಅಂತಲೇ ಬೇರೆ ಪಾಸ್ ಇದೆ, ಊರಿಂದ ಪ್ರವಾಸಿಗಳಾಗಿ ಬಂದವರಿಗೆ ದ್ವೀಪದೊಳಗಿನ ಓಡಾಟಕ್ಕೆ ಅದು ಸಾಕು. ಲಗೇಜನ್ನು ಜೊತೆಗೆ ಹೊರಬೇಡಿ. ಹೋಟೆಲ್‌ನಿಂದ ಹೋಟೆಲ್‌ಗೆ ಸೂಟ್‌ಕೇಸ್ ತಲುಪಿಸುವ ತಕ್ಯುಬಿನ್ ಸೇವೆ ಇಲ್ಲಿ ಬಹಳ ನಂಬಿಕಸ್ಥ. ಹತ್ತಿರದ ಊರುಗಳಿಗೆ ಸಾಮಾನ್ಯವಾಗಿ ಮಾರನೇ ದಿನವೇ ತಲುಪುತ್ತದೆ.

ಕಷ್ಟ ಶುರುವಾಗುವುದು ಒಬೊಕೆ ಸ್ಟೇಷನ್ನಿನಲ್ಲಿ ಇಳಿದ ಮೇಲೆ. ಅಲ್ಲಿಂದ ಇಯಾದ ಹೆಸರಾಂತ ಬಳ್ಳಿ ಸೇತುವೆ ಕಡೆಗೆ ದಿನಕ್ಕೆ ಕೆಲವೇ ಬಸ್ಸು. ಒಂದು ತಪ್ಪಿದರೆ ಅರ್ಧ ದಿನ ಹೋದ ಹಾಗೆ. ಇಬ್ಬರೇ ಇದ್ದರೆ ಅದೂ ಒಂದು ಖುಷಿ, ಕಾಫಿ ಕುಡಿಯುತ್ತಾ ಕೂರಬಹುದು. ಮಂಡಿ ನೋವಿನ ಅತ್ತೆ, ಹಸಿದ ಮಕ್ಕಳು, ಶೌಚಾಲಯ ಎಲ್ಲಿ ಅಂತ ಕೇಳುವ ಮಾವ ಜೊತೆಗಿದ್ದರೆ ಆ ಕಾಯುವಿಕೆಯಲ್ಲೇ ಎಲ್ಲರ ಉತ್ಸಾಹ ಇಳಿದುಹೋಗುತ್ತದೆ. ಕಣಿವೆಯ ಇನ್ನೂ ಒಳಗಿರುವ ಒಚಿಯಾಯ್ ಹಳ್ಳಿ, ಊರ ಜನರಿಗಿಂತ ಬಟ್ಟೆ ಬೊಂಬೆಗಳೇ ಜಾಸ್ತಿ ಇರುವ ನಾಗೊರೊ, ಇವೆರಡೂ ಆ ಸಲ ನಮಗೆ ಆಗಲೇ ಇಲ್ಲ.

ಆಮೇಲಿನ ಪ್ರಯತ್ನ ವ್ಯಾನು. ಜಪಾನಿನಲ್ಲಿ ಸಾಮಾನ್ಯ ಕಾರ್ ಲೈಸೆನ್ಸ್ ಇದ್ದವರು ಡ್ರೈವರ್ ಸೇರಿ ಹತ್ತು ಜನ ಕೂರುವ ಗಾಡಿವರೆಗೆ ಓಡಿಸಬಹುದು. ಹನ್ನೊಂದು ಸೀಟಾದರೆ ಬೇರೆ ಲೈಸೆನ್ಸ್ ಬೇಕು. ಭಾರತದಿಂದ ಬರುವವರಿಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರ್ಮಿಟ್ ಇಲ್ಲಿ ನಡೆಯುತ್ತದೆ, ಯಾಕೆಂದರೆ ಎರಡೂ ದೇಶಗಳು 1949ರ ಜಿನೀವಾ ಒಪ್ಪಂದದಲ್ಲಿವೆ. ರಸ್ತೆಯ ಎಡಗಡೆಯೇ ಓಡಿಸುವುದರಿಂದ ಕೈಗೆ ಬೇಗ ಹೊಂದುತ್ತದೆ.

ಖರ್ಚಿನಲ್ಲಿ ವ್ಯಾನನ್ನು ಮೀರಿಸುವುದು ಯಾವುದೂ ಇಲ್ಲ. ಎಂಟು ಜನಕ್ಕೆ ಹಂಚಿದರೆ ಬಾಡಿಗೆ, ಪೆಟ್ರೋಲ್, ಟೋಲ್ ಎಲ್ಲ ಸೇರಿ ರೈಲಿಗಿಂತ ಕಡಿಮೆ ಬಿತ್ತು. ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಬಹುದು. ರಸ್ತೆ ಪಕ್ಕದಲ್ಲಿ ಮಿಚಿ-ನೊ-ಎಕಿ ಅನ್ನುವ ತಂಗುದಾಣಗಳಿವೆ. 1993ರಲ್ಲಿ ಶುರುವಾಗಿ ಈಗ ದೇಶದಲ್ಲಿ 1,200ಕ್ಕೂ ಜಾಸ್ತಿ ಆಗಿವೆ. ಸ್ವಚ್ಛ ಶೌಚಾಲಯ, ಊರಿನವರ ತರಕಾರಿ, ಹಣ್ಣು, ಬಿಸಿ ಚಹಾ ಎಲ್ಲ ಸಿಗುತ್ತದೆ. ಹಿರಿಯರ ಜೊತೆ ಹೋಗುವವರು ದಾರಿಯನ್ನು ಈ ತಂಗುದಾಣಗಳ ಲೆಕ್ಕದಲ್ಲೇ ಹಾಕಿಕೊಳ್ಳಬೇಕು.

ಆದರೆ ಇಯಾದ ರಸ್ತೆ ನಮ್ಮ ಘಾಟ್ ರಸ್ತೆಗಿಂತ ಇಕ್ಕಟ್ಟು. 439ನೇ ನಂಬರ್ ರಾಷ್ಟ್ರೀಯ ಹೆದ್ದಾರಿ ಅಂತ ಹೆಸರು, ಎಷ್ಟೋ ಕಡೆ ಒಂದೇ ಗಾಡಿಗೆ ಜಾಗ. ತಿರುವಿನ ದುಂಡು ಕನ್ನಡಿಯಲ್ಲಿ ಎದುರಿನ ಗಾಡಿ ಕಂಡ ಕೂಡಲೇ ಯಾರಾದರೂ ಒಬ್ಬರು ಅಗಲ ಇರುವ ಜಾಗದ ತನಕ ರಿವರ್ಸ್ ಹೋಗಬೇಕು. ಹತ್ತು ಸೀಟಿನ ಉದ್ದದ ವ್ಯಾನಿನಲ್ಲಿ, ಹಿಂದೆ ಸೂಟ್‌ಕೇಸ್ ತುಂಬಿ ಗಾಜೇ ಕಾಣದಿರುವಾಗ, ಪಕ್ಕದಲ್ಲಿ ಆಳದ ಕಣಿವೆ ಇರುವಾಗ, ಇದು ಆಟವಲ್ಲ. ಆ ಪ್ರವಾಸದಲ್ಲಿ ಗಾಡಿ ಓಡಿಸಿದ ನನ್ನ ಗಂಡ ಇಯಾದಲ್ಲಿ ರಸ್ತೆ ಬಿಟ್ಟು ಇನ್ನೇನೂ ನೋಡಲಿಲ್ಲ. ಇದು ನನಗೆ ದೊಡ್ಡ ವಿಷಯ. ಎಲ್ಲರೂ ನೋಡಲಿ ಅಂತ ಹೋಗಿ, ಮನೆಯವನೊಬ್ಬ ನೋಡದೇ ವಾಪಸ್ ಬಂದರೆ ಏನು ಚೆನ್ನ, ಅಲ್ವಾ? ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ, ಆಗಂತೂ ಹೊಸಬರು ವ್ಯಾನಿನ ಯೋಚನೆಯನ್ನೇ ಮಾಡಬಾರದು.

ಇನ್ನು ಬಸ್ಸು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇದರ ಲೆಕ್ಕ ಹೊರಗಿನಿಂದ ಗೊತ್ತಾಗುವುದಿಲ್ಲ.

ಧರ್ಮಸ್ಥಳ, ಹೊರನಾಡು, ಶೃಂಗೇರಿಗೆ ಟಿಟಿ ಮಾಡಿಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ದಾರಿಯಲ್ಲಿ ಬೋರ್ಡ್ ಕಂಡರೆ, ಅಣ್ಣಾ ಇದೊಂದು ನೋಡ್ಕೊಂಡು ಹೋಗೋಣ ಅಂದರೆ ಡ್ರೈವರ್ ತಿರುಗಿಸಿಬಿಡುತ್ತಾರೆ. ಜಪಾನಿನ ಬಾಡಿಗೆ ಬಸ್ಸು ಹಾಗೆ ನಡೆಯುವುದಿಲ್ಲ. ಯಾವ ದಾರಿ, ಎಷ್ಟು ಗಂಟೆಗೆ ಎಲ್ಲಿ, ಡ್ರೈವರ್‌ಗೆ ವಿಶ್ರಾಂತಿ ಎಲ್ಲಿ, ಎಲ್ಲವೂ ಕಂಪನಿ ಕೊಟ್ಟ ಹಾಳೆಯಲ್ಲಿ ಬರೆದಿರುತ್ತದೆ. ಬದಲಾಯಿಸಬೇಕಾದರೆ ಡ್ರೈವರ್ ಆಫೀಸಿಗೆ ಫೋನ್ ಮಾಡಿ ಕೇಳಬೇಕು. ಸತತ ನಾಲ್ಕು ಗಂಟೆ ಓಡಿಸಿದರೆ ಒಟ್ಟು 30 ನಿಮಿಷ ಬಿಡುವು ಕೊಡಲೇಬೇಕು. 2024ರ ಏಪ್ರಿಲ್‌ನಿಂದ ಒಂದು ದಿನದ ಕೆಲಸಕ್ಕೂ ಮಾರನೇ ದಿನದ ಕೆಲಸಕ್ಕೂ ನಡುವೆ ಕನಿಷ್ಠ 9 ಗಂಟೆ ವಿಶ್ರಾಂತಿ ಕಡ್ಡಾಯ. ರಾತ್ರಿ ಊಟ ಮುಗಿಸಿ ಇನ್ನೊಂದು ಸುತ್ತು ಹೋಗೋಣ, ಬೆಳಿಗ್ಗೆ ಐದಕ್ಕೆ ಹೊರಡೋಣ ಅನ್ನುವುದೆಲ್ಲ ಇಲ್ಲಿ ಆಗುವುದಿಲ್ಲ.

ಈ ನಿಯಮಗಳು ಬಿಗಿಯಾಗಿರುವುದಕ್ಕೆ ಜೀವ ತೆತ್ತವರಿದ್ದಾರೆ. 2016ರ ಜನವರಿಯಲ್ಲಿ ಕರುಯಿಜಾವಾದಲ್ಲಿ ಸ್ಕೀ ಪ್ರವಾಸದ ಬಸ್ಸು ಉರುಳಿ 15 ಜನ ತೀರಿಕೊಂಡರು, ಹೆಚ್ಚಿನವರು ಕಾಲೇಜು ಮಕ್ಕಳು. ಸರ್ಕಾರ ಗೊತ್ತುಮಾಡಿದ ಕನಿಷ್ಠ ದರಕ್ಕಿಂತ ಕಡಿಮೆಗೆ ಆ ಬಸ್ಸನ್ನು ಓಡಿಸಿದ್ದರು ಅನ್ನುವುದು ಆಮೇಲೆ ಹೊರಬಂತು. ಹಾಗಾಗಿ ಯಾರಾದರೂ ತೀರಾ ಅಗ್ಗಕ್ಕೆ ಬಸ್ಸು ಕೊಡುತ್ತೇನೆ ಅಂದರೆ ನಾನು ಮಾತನ್ನೇ ಮುಂದುವರಿಸುವುದಿಲ್ಲ. ನಂಬರ್ ಪ್ಲೇಟ್ ನೋಡಿ. ಬಾಡಿಗೆಗೆ ಜನರನ್ನು ಒಯ್ಯುವ ಪರವಾನಗಿ ಇರುವ ಗಾಡಿಗೆ ಹಸಿರು ಪ್ಲೇಟ್ ಇರುತ್ತದೆ. ಬಿಳಿ ಪ್ಲೇಟಿನ ಸ್ವಂತ ಗಾಡಿ ತಂದು ನಿಮ್ಮವರನ್ನೆಲ್ಲ ಸುತ್ತಿಸುತ್ತೇನೆ ಅನ್ನುವವರು ಸಿಗುತ್ತಾರೆ. ಅದು ಕಾನೂನು ಪ್ರಕಾರ ತಪ್ಪು. ಅಂಥ ಗಾಡಿಯಲ್ಲಿ ಅಪ್ಪ-ಅಮ್ಮನನ್ನು ಕೂರಿಸಬೇಡಿ.

ಬಾಡಿಗೆಯ ಲೆಕ್ಕ ಸಮಯ ಮತ್ತು ದೂರ ಎರಡರ ಮೇಲೂ ಇರುತ್ತದೆ. ಮೀಟರ್ ಶುರುವಾಗುವುದು ನೀವು ಹತ್ತಿದಲ್ಲಿಂದ ಅಲ್ಲ, ಬಸ್ಸು ಡಿಪೋದಿಂದ ಹೊರಟಾಗ. ಅದು ಖಾಲಿಯಾಗಿ ಡಿಪೋಗೆ ವಾಪಸ್ ಹೋಗುವ ದೂರವೂ ನಿಮ್ಮದೇ. ಜೊತೆಗೆ ಹೊರಡುವ ಮುಂಚೆ ಒಂದು ಗಂಟೆ, ಬಂದ ಮೇಲೆ ಒಂದು ಗಂಟೆ ಗಾಡಿ ತಪಾಸಣೆಯ ಲೆಕ್ಕದಲ್ಲಿ ಸೇರುತ್ತದೆ. ಇದರ ಮೇಲೆ ಟೋಲ್, ಪಾರ್ಕಿಂಗ್, ರಾತ್ರಿ ಉಳಿದರೆ ಡ್ರೈವರ್‌ನ ರೂಮ್. ಅದಕ್ಕೇ ಬಸ್ಸನ್ನು ಕೋಬೆಯಿಂದ ಹಿಡಿಯುವುದಕ್ಕಿಂತ ಕಣಿವೆಗೆ ಹತ್ತಿರದ ಅವಾ-ಇಕೆದಾ ಕಡೆಯ ಕಂಪನಿಯಿಂದ ಹಿಡಿಯುವುದು ಎಷ್ಟೋ ವಾಸಿ. ನಾವು ಎರಡೂ ಕಡೆಯಿಂದ ದರಪಟ್ಟಿ ತರಿಸಿ ನೋಡಿದೆವು, ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು.

ಗಾಡಿಯ ಗಾತ್ರ ಕೂಡ ಯೋಚಿಸಿ ಹೇಳಬೇಕು. ಒಂಬತ್ತು ಜನ ಹಿಡಿಯುವ ಜಂಬೋ ಟ್ಯಾಕ್ಸಿ ಇದೆ, ಆದರೆ ಎಲ್ಲರ ಸೂಟ್‌ಕೇಸ್ ಇಟ್ಟರೆ ಆರು ಜನಕ್ಕಷ್ಟೇ ಸರಿ. ಮೈಕ್ರೊಬಸ್‌ನಲ್ಲಿ ಸೀಟು ಬೇಕಾದಷ್ಟು, ಸಾಮಾನ್ಯವಾಗಿ ಕೆಳಗೆ ಡಿಕ್ಕಿ ಇರುವುದಿಲ್ಲ. ಲಗೇಜು ಹಿಂದಿನ ಸೀಟುಗಳ ಮೇಲೆ ಕೂರುತ್ತದೆ. ಹತ್ತು ಜನದ ಗುಂಪಿಗೆ ನನ್ನ ಆಯ್ಕೆ ಮೈಕ್ರೊಬಸ್ಸೇ, ದೊಡ್ಡ ಸೂಟ್‌ಕೇಸ್‌ಗಳನ್ನು ತಕ್ಯುಬಿನ್‌ನಲ್ಲಿ ಮುಂದಿನ ಹೋಟೆಲ್‌ಗೆ ಕಳಿಸಿ. ಇದಕ್ಕಿಂತ ದೊಡ್ಡ ಬಸ್ಸು ತೆಗೆದುಕೊಂಡರೆ ಇಯಾದ ಹಳೇ ರಸ್ತೆ ಕೈಬಿಟ್ಟುಹೋಗುತ್ತದೆ. ಬಂಡೆಯ ತುದಿಯಲ್ಲಿ ಉಚ್ಚೆ ಹುಯ್ಯುವ ಹುಡುಗನ ವಿಗ್ರಹ ಇರುವುದು ಆ ರಸ್ತೆಯಲ್ಲೇ. ಅಲ್ಲಿ ನಿಂತು ಬಗ್ಗಿ ನೋಡಿದರೆ ನದಿ ಸುಮಾರು 200 ಮೀಟರ್ ಕೆಳಗೆ.

ಇಷ್ಟೆಲ್ಲ ನಿಯಮ, ಖರ್ಚು ಇದ್ದರೂ ಬಸ್ಸನ್ನೇ ಯಾಕೆ ಹೇಳುತ್ತಿದ್ದೇನೆ? ಪ್ರತಿ ಸಲ ನಿಲ್ಲಿಸಿದಾಗಲೂ ನಮ್ಮ ಡ್ರೈವರ್ ಮೊದಲು ತಾನಿಳಿದು ಬಾಗಿಲ ಕೆಳಗೆ ಒಂದು ಪುಟ್ಟ ಮೆಟ್ಟಿಲು ಮಣೆ ಇಡುತ್ತಿದ್ದರು. ಅದು ಅಲುಗಾಡುತ್ತಿಲ್ಲ ಅಂತ ಕಾಲಲ್ಲಿ ಒತ್ತಿ ನೋಡಿ, ಬಿಳಿ ಗ್ಲೌಸ್ ಹಾಕಿದ ಕೈ ಮುಂದೆ ಚಾಚಿ ನಿಲ್ಲುತ್ತಿದ್ದರು. ಅತ್ತೆ ಮೊದಮೊದಲು ಸಂಕೋಚ ಪಟ್ಟು ಸೀರೆ ಹಿಡಿದುಕೊಂಡು ತಾವೇ ಇಳಿಯುತ್ತಿದ್ದರು. ಆಮೇಲಾಮೇಲೆ ಆ ಕೈ ಹಿಡಿದೇ ಇಳಿದರು. ನಾವು ವಾಪಸ್ ಬರುವಷ್ಟರಲ್ಲಿ ಕಿಟಕಿ ಗಾಜು ಒರೆಸಿಟ್ಟಿರುತ್ತಿದ್ದರು. ಎದುರಿಗೆ ಗಾಡಿ ಬಂದಾಗ ಅವರು ರಿವರ್ಸ್ ಹೋದದ್ದು ಒಳಗೆ ಕೂತವರಿಗೆ ಗೊತ್ತೇ ಆಗಲಿಲ್ಲ. ಇಲ್ಲಿ ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಕೊನೆಗೆ ಮಾವ ಊರಿಂದ ತಂದ ಮೈಸೂರು ಪಾಕ್ ಡಬ್ಬಿ ಕೊಟ್ಟಾಗ ಎರಡೂ ಕೈಯಲ್ಲಿ ತೆಗೆದುಕೊಂಡರು.

ಬಳ್ಳಿ ಸೇತುವೆಯಲ್ಲಿ ಬಸ್ಸಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಯಿತು. ಕಾಡು ಬಳ್ಳಿ ಹೆಣೆದು ಮಾಡಿದ ಈ ಸೇತುವೆ 45 ಮೀಟರ್ ಉದ್ದ, ನೀರಿಂದ 14 ಮೀಟರ್ ಎತ್ತರ. ಮೂರು ವರ್ಷಕ್ಕೊಮ್ಮೆ ಹೊಸದಾಗಿ ಹೆಣೆಯುತ್ತಾರೆ, ಒಳಗೆ ಉಕ್ಕಿನ ಹಗ್ಗವೂ ಇದೆ. ಆದರೆ ಕಾಲಿಡುವ ಮರದ ತುಂಡುಗಳ ನಡುವೆ ಪಾದ ಇಳಿಯುವಷ್ಟು ಸಂದಿ, ಕೆಳಗೆ ಹರಿಯುವ ನೀರು ನೇರ ಕಾಣುತ್ತದೆ. ಚಿಕ್ಕಮ್ಮ ಬಳ್ಳಿ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ದಾಟಿದರು. ಆಗುವುದಿಲ್ಲ ಅಂದವರು ಬಸ್ಸಲ್ಲಿ ಆರಾಮಾಗಿ ಕೂತಿದ್ದರು. ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಯಾರೂ ಗಡಿಯಾರ ನೋಡಲಿಲ್ಲ.

ಊಟದ ವಿಷಯದಲ್ಲೂ ಬಸ್ಸೇ ಮೇಲು. ತಕಮತ್ಸು ಕಡೆಯ ಉದೊನ್ (ದಪ್ಪ ಗೋಧಿ ನೂಡಲ್ಸ್) ಹೆಸರುವಾಸಿ, ಆದರೆ ಅದರ ಸಾರಿನಲ್ಲಿ ಒಣ ಮೀನು ಇರುತ್ತದೆ. ಇಯಾದಲ್ಲಿ ಆಲೂಗೆಡ್ಡೆ, ಗಟ್ಟಿ ತೋಫು, ಕೊನ್ಯಾಕು ಅನ್ನುವ ಗೆಡ್ಡೆ ಹಿಟ್ಟಿನ ಗಟ್ಟಿ ಜೆಲ್ಲಿಯನ್ನು ಕಡ್ಡಿಗೆ ಚುಚ್ಚಿ, ಸೋಯಾ ಹುದುಗಿಸಿ ಮಾಡಿದ ಮಿಸೊ ಸವರಿ ಕೆಂಡದಲ್ಲಿ ಸುಡುತ್ತಾರೆ. ಮಿಸೊದಲ್ಲಿ ಮೀನಿನ ಸಾರ ಸೇರಿಸಿಲ್ಲ ಅಂತ ಕೇಳಿಕೊಂಡು ತಿನ್ನಿ, ಬಲು ರುಚಿ. ಉಳಿದ ಹೊತ್ತಿಗೆ ಬಿಸಿ ಅನ್ನ ಕೊಂಡು ಪುಳಿಯೋಗರೆ ಗೊಜ್ಜು ಕಲೆಸಿದೆವು. ಬಸ್ಸಿನೊಳಗೆ ತಿನ್ನಬಹುದಾ ಅಂತ ಮೊದಲೇ ಕೇಳಿ, ಕಸವನ್ನು ನೀವೇ ಚೀಲದಲ್ಲಿ ಒಯ್ಯಿರಿ.

ಬಸ್ಸು ಸುಮ್ನೆ ದಂಡ ಅನ್ನಿಸುವುದು ಊರುಗಳಲ್ಲಿ. ಕೊತೊಹಿರಾದ ದೇವಸ್ಥಾನಕ್ಕೆ 785 ಮೆಟ್ಟಿಲು ಹತ್ತಬೇಕು. ಹತ್ತಿಳಿಯುವಷ್ಟು ಹೊತ್ತೂ ಬಸ್ಸಿನ ಬಾಡಿಗೆ ಓಡುತ್ತಲೇ ಇರುತ್ತದೆ. ಸ್ಟೇಷನ್ನಿನಿಂದ ನಡೆದೇ ಹೋಗುವ ಜಾಗಕ್ಕೆ ಅದು ಯಾಕೆ? ಕೊಚ್ಚಿಯಲ್ಲಿ ಟ್ರಾಮ್ ಇದೆ, ಭಾನುವಾರದ ಸಂತೆಗೆ ಅದರಲ್ಲೇ ಹೋಗಬಹುದು. ಕೋಬೆಯಿಂದ ತೊಕುಶಿಮಾಗೆ ಮಾತ್ರ ರೈಲಿಗಿಂತ ಸನ್ನೊಮಿಯಾದಿಂದ ಹೊರಡುವ ಹೈವೇ ಬಸ್ಸು ಚೆನ್ನ. 1998ರಲ್ಲಿ ತೆರೆದ ಅಕಾಶಿ ತೂಗುಸೇತುವೆ ಮೇಲೆ ಹಾದು ಸುಮಾರು ಎರಡು ಗಂಟೆಯಲ್ಲಿ ತಲುಪಿಸುತ್ತದೆ. ಆ ಸೇತುವೆ ಮೇಲೆ ರೈಲು ಹಳಿ ಇಲ್ಲ.

ಈಗ ನಮ್ಮ ಮನೆಗೆ ಯಾರೇ ಬಂದರೂ ಹಾಕಿಕೊಡುವ ದಾರಿ ಇದು. ಕೋಬೆಯಿಂದ ಹೈವೇ ಬಸ್ಸಲ್ಲಿ ತೊಕುಶಿಮಾ, ಅಲ್ಲಿಂದ ರೈಲಲ್ಲಿ ಅವಾ-ಇಕೆದಾ. ಸ್ಟೇಷನ್ ಮುಂದೆ ಮೈಕ್ರೊಬಸ್ ಹತ್ತಿ ಇಯಾ ಪೂರ್ತಿ, ಒಂದು ರಾತ್ರಿ ಕಣಿವೆಯಲ್ಲೇ ಉಳಿದು. ಮಾರನೇ ದಿನ ಒಬೊಕೆ ಸ್ಟೇಷನ್ನಿನಲ್ಲಿ ಬಸ್ಸು ಬಿಟ್ಟು ರೈಲಲ್ಲಿ ಕೊಚ್ಚಿ. ಆಗಸ್ಟ್ 12ರಿಂದ 15ರವರೆಗೆ ತೊಕುಶಿಮಾದಲ್ಲಿ ಅವಾ ನೃತ್ಯದ ಹಬ್ಬ ಇರುವುದರಿಂದ ರೂಮ್ ಸಿಗುವುದು ಕಷ್ಟ. ಆ ದಿನಗಳಿಗೆ ಹೋಗುವುದಾದರೆ ತಿಂಗಳುಗಳ ಮುಂಚೆಯೇ ಬಸ್ಸು, ಹೋಟೆಲ್ ಎರಡನ್ನೂ ಹೇಳಿಡಿ. ಬಸ್ ಕಂಪನಿಗೆ ಬರೆಯುವಾಗ ಹೋಗುವ ಜಾಗಗಳ ಜೊತೆಗೆ ಎಷ್ಟು ಜನ, ಎಷ್ಟು ಸೂಟ್‌ಕೇಸ್, ಮೆಟ್ಟಿಲು ಹತ್ತಲಾಗದವರು ಎಷ್ಟು ಮಂದಿ ಅಂತ ಮೊದಲ ಪತ್ರದಲ್ಲೇ ಬರೆಯಿರಿ.