ಕಾಗದದ ಬಿಲ್ಲೆಗೆ ಲೋಹದ ಅಂಚು ಕಟ್ಟುವ ಕೈ ಉಪಕರಣ: ಆರು ವರ್ಷಗಳ ಬಳಕೆಯ ನಂತರ

ದುಂಡಗೆ ಕತ್ತರಿಸಿದ ಕಾಗದದ ಬಿಲ್ಲೆಗೆ ತೆಳುವಾದ ಲೋಹದ ಅಂಚನ್ನು ತೊಡಿಸಿ ಒತ್ತಿ ಮಡಿಸುವ ಈ ಉಪಕರಣ ನನ್ನ ಕೈಸೇರಿ ಆರು ವರ್ಷಗಳಾದವು. ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿ ಮೈಸೂರಿಗೆ ಬಂದಾಗ, "ಅತ್ತಿಗೆ, ಅಲ್ಲಿ ಪಕ್ಕದ ಮನೆಯವರು ಹಳೆಯ ಸಾಮಾನು ಮಾರುತ್ತಿದ್ದರು, ನಿಮಗೆ ಉಪಯೋಗವಾಗಬಹುದು ಅನ್ನಿಸಿತು" ಎಂದು ಇದನ್ನೂ 200 ಅಂಚುಗಳಿದ್ದ ಒಂದು ಡಬ್ಬಿಯನ್ನೂ ಕೊಟ್ಟಳು. ಕೀಲಿಕೈಗಳಿಗೆ ಗುರುತು ಕಟ್ಟಲು ಬಹುಕಾಲದಿಂದ ಬಳಕೆಯಲ್ಲಿದ್ದ ಈ ಬಗೆಯ ಟ್ಯಾಗ್, 2000ರ ದಶಕದಲ್ಲಿ ಅಮೆರಿಕದಲ್ಲಿ ಸ್ಕ್ರ್ಯಾಪ್‌ಬುಕ್, ಅಂದರೆ ಫೋಟೋ ಅಂಟಿಸಿ ಅಲಂಕರಿಸಿದ ಆಲ್ಬಂ, ಮಾಡುವವರ ಮೆಚ್ಚಿನ ಅಲಂಕಾರವಾಯಿತು. ಯೂಟಾ ರಾಜ್ಯದ ಮೇಕಿಂಗ್ ಮೆಮೊರೀಸ್‌ನಂತಹ ಕಂಪನಿಗಳು ಅದನ್ನು ಆಲ್ಬಂ ಮಾಡುವವರಿಗೆಂದೇ ಮಾರಿದ್ದವು. ಆ ಭರಾಟೆ ಇಳಿದ ಮೇಲೆ ಅಲ್ಲಿನ ಮನೆಗಳಿಂದ ಹೊರಬಿದ್ದ ಸಾಮಾನುಗಳಲ್ಲಿ ನನ್ನದೂ ಒಂದು. ಅದರ ಮೇಲಿದ್ದ ಹೆಸರಿನ ಚೀಟಿ ನನ್ನ ಕೈಗೆ ಬರುವ ಮೊದಲೇ ಅಳಿಸಿಹೋಗಿತ್ತು. ಆದ್ದರಿಂದ ನಾನು ಬರೆಯುತ್ತಿರುವುದು ಯಾವುದೋ ಒಂದು ಕಂಪನಿಯ ಮಾಲಿನ ಬಗ್ಗೆ ಅಲ್ಲ, ಈ ಬಗೆಯ ಉಪಕರಣದ ಬಗ್ಗೆ. ಲೋಹದ ಅಂಚನ್ನು ನಮ್ಮ ಮನೆಯಲ್ಲಿ ಬಳೆ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಉಪಕರಣದಲ್ಲಿ ಇರುವುದು ಮೇಲೊಂದು ಕೆಳಗೊಂದು ಅಚ್ಚು, ಅವೆರಡನ್ನೂ ಸೇರಿಸುವ ಪ್ಲಾಸ್ಟಿಕ್ ಹಿಡಿ, ಅಷ್ಟೆ. ಬಳೆಯ ಒಂದು ಬದಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಒಳಮಡಿಕೆ ಮೊದಲೇ ಇರುತ್ತದೆ. ಇನ್ನೊಂದು ಬದಿಯ ಅಂಚು ತಟ್ಟೆಯ ಅಂಚಿನಂತೆ ನೇರವಾಗಿ ನಿಂತಿರುತ್ತದೆ. ಬಿಲ್ಲೆಯನ್ನು ಒಳಮಡಿಕೆಯ ಮೇಲೆ ಕೂರಿಸಿ ಒತ್ತಿದಾಗ, ಮೇಲಿನ ಅಚ್ಚಿನಲ್ಲಿರುವ ದುಂಡನೆಯ ಕಾಲುವೆಯೊಳಗೆ ಸಿಕ್ಕ ಆ ನಿಂತ ಅಂಚು ತಾನಾಗಿಯೇ ಒಳಕ್ಕೆ ಸುರುಳಿಗೊಂಡು ಕಾಗದವನ್ನು ಕಚ್ಚಿಕೊಳ್ಳುತ್ತದೆ. ಎಲ್ಲವೂ ಸರಿಯಾಗಿದ್ದರೆ ಸಣ್ಣದಾಗಿ "ಟಕ್" ಎನ್ನುತ್ತದೆ. ಶಬ್ದ ಬರದಿದ್ದರೆ ಉಗುರಿನಿಂದ ಬಳೆಯ ಸುತ್ತ ಒಮ್ಮೆ ಸವರಿ ನೋಡಬೇಕು. ಎಲ್ಲೋ ಒಂದು ಕಡೆ ಉಗುರು ಸಿಕ್ಕಿಕೊಂಡರೆ ಅಲ್ಲಿ ಮಡಿಕೆ ಪೂರ್ತಿಯಾಗಿಲ್ಲ ಎಂದು ಅರ್ಥ. ಆಗ ಬಿಲ್ಲೆಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಒತ್ತಬೇಕು. ನನ್ನ ಉಪಕರಣದ ಹಿಡಿಯ ಕೀಲು ಮೂರನೆಯ ವರ್ಷದಿಂದ ಸ್ವಲ್ಪ ಸಡಿಲವಾಗಿರುವುದರಿಂದ, ಈಗ ಪ್ರತಿಯೊಂದನ್ನೂ ಎರಡು ಸಲ ಒತ್ತುವುದನ್ನೇ ಅಭ್ಯಾಸ ಮಾಡಿಕೊಂಡಿದ್ದೇನೆ. ಕುಳಿತು ಒತ್ತುವುದಕ್ಕಿಂತ ನಿಂತುಕೊಂಡು, ಮೇಜಿನ ಮೇಲೆ ಮಡಿಸಿದ ಟವೆಲ್ ಹಾಸಿ, ಮೈಭಾರವನ್ನು ಅಂಗೈಗೆ ಬಿಟ್ಟು ಒತ್ತುವುದು ಎಷ್ಟೋ ಮೇಲು. ಬೆರಳಿನ ಗಂಟುಗಳಲ್ಲಿ ನೋವಿರುವವರಿಗೆ ಇದನ್ನು ಕೊಳ್ಳಿರೆಂದು ನಾನು ಹೇಳಲಾರೆ. ಇಪ್ಪತ್ತು ಬಿಲ್ಲೆಗಳಾಗುವಷ್ಟರಲ್ಲಿ ನನ್ನ ಕೈಯೇ ಸೋಲುತ್ತದೆ.

ಆದರೆ ಈ ಆರು ವರ್ಷಗಳಲ್ಲಿ ನಾನು ಹಾಳುಮಾಡಿದ ಬಳೆಗಳಲ್ಲಿ ಹೆಚ್ಚಿನವು ಉಪಕರಣದ ದೋಷದಿಂದ ಹಾಳಾದವಲ್ಲ. ತಪ್ಪಿದ್ದು ಕಾಗದದ ಅಳತೆ. ನನ್ನ ಬಳೆಗಳಿಗೆ ಒಂದೂಕಾಲು ಇಂಚಿನ, ಅಂದರೆ ಸುಮಾರು 32 ಮಿಲಿಮೀಟರ್ ವ್ಯಾಸದ ಬಿಲ್ಲೆ ಬೇಕು. ಕಾಗದವನ್ನು ದುಂಡಗೆ ಕತ್ತರಿಸುವ, ಒಂದೂಕಾಲು ಇಂಚು ಎಂದು ಬರೆದಿದ್ದ ಪಂಚ್ ಒಂದನ್ನು ಇಲ್ಲಿಯೇ ಕೊಂಡು ತಂದೆ. ಅದು ಕತ್ತರಿಸಿದ್ದನ್ನು ಮಗನ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗ 31 ಮಿಲಿಮೀಟರ್ ಕೂಡ ಪೂರ್ತಿ ಬರಲಿಲ್ಲ. ಅಷ್ಟು ಕಡಿಮೆಯಾದರೆ ಬಿಲ್ಲೆ ಉದುರಿ ಬೀಳುವುದಿಲ್ಲ ನಿಜ, ಆದರೆ ಬಳೆ ಅದರ ಸುತ್ತ ಗಿರಗಿರನೆ ತಿರುಗುತ್ತದೆ, ಮುಟ್ಟಿದವರಿಗೆ ಕೆಲಸ ಒರಟೆಂದು ತಕ್ಷಣ ಗೊತ್ತಾಗುತ್ತದೆ. ಅಳತೆ ಹೆಚ್ಚಾದರೆ ಬಿಲ್ಲೆ ನಡುವೆ ಉಬ್ಬಿ ಹಪ್ಪಳದಂತಾಗುತ್ತದೆ. ಕೊಳ್ಳುವ ಮುನ್ನ ಪಂಚ್ ಮತ್ತು ಬಳೆ ಎರಡನ್ನೂ ಜೊತೆಯಲ್ಲಿಟ್ಟು ನೋಡಲು ಸಾಧ್ಯವಾಗದಿದ್ದರೆ, ಉಪಕರಣದ ಜೊತೆಯಲ್ಲೇ ಬರುವ ಪಂಚ್ ಅನ್ನು ಬಿಟ್ಟು ಬೇರೆಯದನ್ನು ನಂಬಬೇಡಿ.

ದಪ್ಪದ ವಿಷಯದಲ್ಲಿಯೂ ಹೀಗೆಯೇ. 0.4ರಿಂದ 0.6 ಮಿಲಿಮೀಟರ್ ನನ್ನ ಉಪಕರಣಕ್ಕೆ ಹೊಂದುವ ದಪ್ಪ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಡ್ರಾಯಿಂಗ್ ಕಾಗದ ಒಂದೇ ಪದರವಾದರೂ ನಿಲ್ಲುತ್ತದೆ. ಅದಕ್ಕಿಂತ ತೆಳುವಾದುದಕ್ಕೆ ಹಿಂದೆ ಇನ್ನೊಂದು ಪದರ ಅಂಟಿಸಬೇಕು. ಅಂಟಿಸುವಾಗ ಎರಡೂ ಕಾಗದಗಳ ನಾರಿನ ದಿಕ್ಕು ಒಂದೇ ಆಗಿರುವಂತೆ ನೋಡಿಕೊಳ್ಳಬೇಕೆಂಬುದನ್ನು ಒಂದು ಮಳೆಗಾಲ ನನಗೆ ಕಲಿಸಿತು. ತೇವ ಹೀರಿದ ಕಾಗದ ನಾರಿಗೆ ಅಡ್ಡಲಾಗಿ ಹೆಚ್ಚು ಹಿಗ್ಗುತ್ತದೆ, ಬಳೆ ಮಾತ್ರ ಹಿಗ್ಗಲು ಬಿಡುವುದಿಲ್ಲ. ಹಾಗಾಗಿ ದಿಕ್ಕು ಅದಲುಬದಲಾದ ಪದರಗಳು ಒಂದನ್ನೊಂದು ಎಳೆದು ಬಿಲ್ಲೆಯನ್ನು ದೋಣಿಯಂತೆ ತಿರುಚಿಬಿಡುತ್ತವೆ. ನೀರು ಬೆರೆಸಿದ ಫೆವಿಕಾಲ್‌ನಿಂದಲೂ ಇದೇ ಪಾಡು. ಎರಡು ಬದಿಯ ಅಂಟುಪಟ್ಟಿ ಅಥವಾ ಒಣ ಅಂಟಿನ ಹಾಳೆ ಬಳಸಿದ ಮೇಲೆ ಈ ತೊಂದರೆ ಹೆಚ್ಚುಕಡಿಮೆ ನಿಂತಿದೆ.

ಮನೆಯಲ್ಲಿ ರಾಶಿ ಬಿದ್ದಿರುವ ಮದುವೆಯ ಕರೆಯೋಲೆಗಳು ಈ ಕೆಲಸಕ್ಕೆ ಹೇಳಿಮಾಡಿಸಿದಂತಿವೆ ಎಂದು ಎಲ್ಲರಿಗೂ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ದಪ್ಪವೇನೋ ಸರಿಯಾಗಿರುತ್ತದೆ, ಆದರೆ ಚಿನ್ನದ ಬಣ್ಣದ ಫಾಯಿಲ್ ಮುದ್ರಣವಿರುವ ಕಡೆ ಬಳೆ ಕಚ್ಚಿದೊಡನೆ ಆ ಚಿನ್ನ ಬಿರುಕುಬಿಟ್ಟು ಚಕ್ಕೆಯಾಗಿ ಏಳುತ್ತದೆ. ಸಾದಾ ಬಣ್ಣದ ಒಳಪುಟವನ್ನು ಮಾತ್ರ ಬಳಸಬಹುದು, ಮೂಲೆಗೆ ಹಚ್ಚಿದ ಅರಿಶಿನದ ಕಲೆಯನ್ನು ತಪ್ಪಿಸಿಕೊಂಡು. ಇದಕ್ಕೆ ತದ್ವಿರುದ್ಧವಾಗಿ, ಹತ್ತಿಚಿಂದಿಯ ಕೈಕಾಗದ ನನಗೆ ಅತ್ಯುತ್ತಮ ಫಲ ಕೊಟ್ಟಿದೆ. ದಪ್ಪದಲ್ಲಿ ಅಲ್ಲಲ್ಲಿ ಏರುಪೇರು ಇದ್ದರೂ, ಹತ್ತಿಯ ನಾರು ಮೆತ್ತಗಿರುವುದರಿಂದ ಬಳೆಯ ಹಿಡಿತಕ್ಕೆ ತಾನೇ ಒತ್ತಿಕೊಂಡು ಹೊಂದಿಕೊಳ್ಳುತ್ತದೆ. ನಡುವಿನ ಭಾಗ ಮಾತ್ರ ತುಸು ಉಬ್ಬಿ ನಿಂತು, ಕೈಬರಹಕ್ಕೆ ಒಂದು ಘನತೆ ತರುತ್ತದೆ. ಪಂಚ್ ಇದನ್ನು ಒಂದೇ ಏಟಿಗೆ ಕತ್ತರಿಸುವುದಿಲ್ಲ, ಅಂಚಿನಲ್ಲಿ ಎಳೆ ಉಳಿಯುತ್ತದೆ. ಆ ಎಳೆಗಳು ಹೇಗೂ ಬಳೆಯೊಳಗೆ ಅಡಗುವುದರಿಂದ ಚಿಂತೆಯಿಲ್ಲ.

ದಾರ ಪೋಣಿಸುವ ತೂತನ್ನು ಬಳೆ ಒತ್ತುವ ಮೊದಲೇ, ಬಿಲ್ಲೆಯ ಅಂಚಿನಿಂದ ಐದು ಮಿಲಿಮೀಟರ್ ಒಳಗೆ ಹಾಕಿಬಿಡಬೇಕು. ಆಮೇಲಾದರೆ ಸಾಧಾರಣ ತೂತಿನ ಇಕ್ಕುಳದ ಬಾಯಿ ಬಳೆಗೆ ತಗಲುತ್ತದೆ.

ನನಗೆ ನಿಜವಾಗಿ ಬೇಸರ ತಂದದ್ದು ಬಳೆಗಳ ಪೂರೈಕೆ. ನಾದಿನಿ ಕೊಟ್ಟ 200 ಬಳೆಗಳು ಎರಡು ವರ್ಷದಲ್ಲಿ ಮುಗಿದವು. ಒಬ್ಬರ ಅಚ್ಚಿಗೆ ಇನ್ನೊಬ್ಬರ ಬಳೆ ಹೊಂದುವುದಿಲ್ಲ. ವ್ಯಾಸ ಒಂದೇ ಇದ್ದರೂ ನಿಂತ ಅಂಚಿನ ಎತ್ತರ ಕೂದಲೆಳೆಯಷ್ಟು ಬೇರೆಯಾದರೆ ಸುರುಳಿ ಕೆಡುತ್ತದೆ. ಆನ್‌ಲೈನ್ ಮಾರಾಟಗಾರರೊಬ್ಬರಿಂದ ತರಿಸಿದ ಅಗ್ಗದ ಬಳೆಗಳು ಅದೃಷ್ಟಕ್ಕೆ ಅಚ್ಚಿಗೆ ಹೊಂದಿದವು. ಅವನ್ನು ಬಳಸಿ ನನ್ನ ಮಗಳ ನಾಮಕರಣದ ಫೋಟೋಗಳ ಆಲ್ಬಂ ಎರಡು ಪ್ರತಿ ಮಾಡಿ, ಒಂದನ್ನು ಕುಂದಾಪುರದಲ್ಲಿರುವ ಅಮ್ಮನಿಗೆ ಕಳಿಸಿದೆ. ಒಂದು ಮಳೆಗಾಲ ಕಳೆದು ತವರಿಗೆ ಹೋದಾಗ ಅಮ್ಮ ಮಾತಾಡದೆ ಆಲ್ಬಂ ತಂದು ಮುಂದಿಟ್ಟರು. ಪ್ರತಿಯೊಂದು ಬಿಲ್ಲೆಯ ಸುತ್ತಲೂ, ಒದ್ದೆ ಲೋಟ ಇಟ್ಟು ಎತ್ತಿದಂತೆ, ಕಂದುಬಣ್ಣದ ಉಂಗುರ ಪುಟಕ್ಕೆ ಇಳಿದಿತ್ತು. ಮೈಸೂರಿನ ಪ್ರತಿಗೆ ಏನೂ ಆಗಿರಲಿಲ್ಲ. ಅಲ್ಯೂಮಿನಿಯಂ ಎಂದು ಮಾರಿದ್ದ ಆ ಬಳೆಗಳು ಮೇಲೆ ಹೊಳಪು ಲೇಪಿಸಿದ ಕಬ್ಬಿಣದ ತಗಡಾಗಿದ್ದವು, ಕಡಲಗಾಳಿ ಅದನ್ನು ಬಯಲಿಗೆಳೆಯಿತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಆಯಸ್ಕಾಂತವನ್ನು ಮೊದಲೇ ತಾಗಿಸಿ ನೋಡಿದ್ದರೆ ಸಾಕಿತ್ತು: ಅಲ್ಯೂಮಿನಿಯಂ ಆಗಲಿ ಹಿತ್ತಾಳೆಯಾಗಲಿ ಅದಕ್ಕೆ ಕಚ್ಚಿಕೊಳ್ಳುವುದಿಲ್ಲ. ಈಗ ಯಾವ ಡಬ್ಬಿ ಬಂದರೂ ನನ್ನ ಮೊದಲ ಕೆಲಸ ಅದೇ.

ಆಲ್ಬಂ ಎಂದ ಮೇಲೆ ಇನ್ನೊಂದು ತೊಡಕನ್ನೂ ಹೇಳಬೇಕು. ಬಳೆಗೆ ದಪ್ಪವಿದೆ, ಆಲ್ಬಮ್ಮಿಗೆ ಭಾರವಿದೆ. ಎರಡೂ ಸೇರಿ ಎದುರು ಪುಟದ ಫೋಟೋದ ಮೇಲೆ ದುಂಡನೆಯ ಗುರುತು ಒತ್ತಿಬಿಡುತ್ತವೆ. ಎದುರುಬದುರು ಪುಟಗಳಲ್ಲಿ ಬಿಲ್ಲೆಯ ಎದುರಿಗೆ ಫೋಟೋ ಬಾರದಂತೆ ಮೊದಲೇ ಜಾಗ ಗೊತ್ತುಮಾಡಿಕೊಳ್ಳುವುದೊಂದೇ ಇದಕ್ಕೆ ಉಪಾಯ. ನಡುವೆ ಟ್ರೇಸಿಂಗ್ ಹಾಳೆ ಇಟ್ಟು ನೋಡಿದೆ, ಗೀರು ತಪ್ಪಿತು, ಗುರುತು ತಪ್ಪಲಿಲ್ಲ. ಶುಭಾಶಯದ ಕಾರ್ಡುಗಳಲ್ಲಿ ಈ ತಾಪತ್ರಯವಿಲ್ಲ, ಆದರೆ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುವುದಾದರೆ ಮೇಲೊಂದು ರಟ್ಟಿನ ಹಾಳೆ ಬೇಕೇ ಬೇಕು.

ಹಾಗಾದರೆ ಕೊಳ್ಳಬೇಕೇ? ವರ್ಷಕ್ಕೆ ಐವತ್ತು ಅರವತ್ತು ಟ್ಯಾಗ್ ಮಾತ್ರ ಬೇಕಾದವರಿಗೆ ನನ್ನ ಉತ್ತರ ಬೇಡ ಎಂದೇ. ಏವರಿಯಂತಹ ಕಂಪನಿಗಳ ಬಿಳಿಯ ಕೀಲಿಟ್ಯಾಗ್‌ಗಳು ಬಳೆ ಕಟ್ಟಿಯೇ ಬರುತ್ತವೆ. ಒಂದಿಂಚಿನ ಪಂಚ್‌ನಿಂದ ನಿಮಗೆ ಬೇಕಾದ ಕಾಗದವನ್ನು ಕತ್ತರಿಸಿ ಅದರ ಮೇಲೆ ಅಂಟಿಸಿದರೆ, ಸುತ್ತಲೂ ಎರಡು ಮಿಲಿಮೀಟರಿನಷ್ಟು ಬಿಳಿಯ ಗೆರೆ ಉಳಿದು ಅದೇ ಒಂದು ಅಂದವಾಗುತ್ತದೆ. ನೋಡಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಬಿಲ್ಲೆಯ ಎರಡೂ ಬದಿ ನಿಮ್ಮದೇ ಕಾಗದವಿರಬೇಕು, ಅಥವಾ ಒಂದು ಹಳೆಯ ಪತ್ರದ ಚೂರೇ ಬಿಲ್ಲೆಯಾಗಬೇಕು ಎಂಬ ಹಟವಿದ್ದವರಿಗೆ ಮಾತ್ರ ಈ ಉಪಕರಣ. ಅವರೂ ಉಪಕರಣಕ್ಕಿಂತ ಮೊದಲು ಬಳೆ ಎಲ್ಲಿ ಸಿಗುತ್ತದೆ, ಇನ್ನೆಷ್ಟು ದಿನ ಸಿಗುತ್ತದೆ ಎಂದು ವಿಚಾರಿಸಿಕೊಂಡು, ಕನಿಷ್ಠ ಐನೂರು ಒಟ್ಟಿಗೆ ಕೊಂಡಿಟ್ಟುಕೊಳ್ಳುವುದು ಒಳ್ಳೆಯದು.

ನನಗೆ ಆ ಹಟವಿದೆ. ನವರಾತ್ರಿಯಲ್ಲಿ ಕೂರಿಸುವ ಗೊಂಬೆಗಳು ಯಾರ ಮನೆಯಿಂದ, ಯಾವ ವರ್ಷ ಬಂದವು ಎಂಬುದನ್ನು ಅತ್ತೆಯವರು ಬಾಯಲ್ಲೇ ಹೇಳುತ್ತಿದ್ದರು. ಅದನ್ನು ಅವರಿಂದಲೇ ಕೇಳಿ ಬರೆದುಕೊಂಡು, ಒಂದೊಂದು ಗೊಂಬೆಗೂ ಕೈಕಾಗದದ ಒಂದೊಂದು ಬಿಲ್ಲೆ ಕಟ್ಟುತ್ತಿದ್ದೇನೆ. ಮುಂದೆ ಊರು ಮತ್ತು ಇಸವಿ, ಹಿಂದೆ ಕೊಟ್ಟವರ ಹೆಸರು. ಪಟ್ಟದ ಗೊಂಬೆಗಳ ಜೋಡಿಗೆ ಅತ್ತೆಯವರ ಕೈಬರಹವೇ ಇರಲೆಂದು, ಅವರು ಹಿಂದೆ ಬರೆದಿಟ್ಟಿದ್ದ ಸಾಮಾನಿನ ಪಟ್ಟಿಯೊಂದರಿಂದ ಎರಡು ಚೂರು ಕತ್ತರಿಸಿಕೊಂಡೆ. ಒಂದರಲ್ಲಿ "ಗೊಂಬೆ ಬಟ್ಟೆ, ಜರಿ" ಎಂದಿದೆ, ಇನ್ನೊಂದರಲ್ಲಿ "ಕಡಲೆ 2 ಸೇರು". ಡಬ್ಬಿಯಲ್ಲಿ ಈಗ 140 ಬಳೆಗಳು ಉಳಿದಿವೆ, ಗೊಂಬೆಗಳು ಇನ್ನೂ 90 ಇವೆ. ಕಾರ್ಡುಗಳಿಗೆ ಸದ್ಯ ಅಂಗಡಿಯ ಟ್ಯಾಗ್‌ಗಳನ್ನೇ ಬಳಸುತ್ತಿದ್ದೇನೆ.