ಸೂಜಿಗೆ ಮೊದಲು ಆಡುವ ಮಾತು: ಮಡಿಕೇರಿಯ ಒಂದು ದಂತ ಚಿಕಿತ್ಸಾಲಯ

ಜನವರಿಯ ಆ ಬೆಳಿಗ್ಗೆ ರೂಟ್ ಕೆನಾಲ್ ಮಾಡಿಸಲು ನಾಪೋಕ್ಲುವಿನಿಂದ ಮಡಿಕೇರಿಗೆ ಹೊರಟಾಗ ನನಗೆ ನೆಮ್ಮದಿಯಿರಲಿಲ್ಲ. ಹಿಂದಿನ ರಾತ್ರಿಯ ಅಕಾಲಿಕ ಮಳೆಗೆ ಕಣದಲ್ಲಿ ಹರಡಿದ್ದ ಕಾಫಿ ನೆನೆದಿತ್ತು. ಅದರ ಮೇಲೆ, ಮೂರು ವರ್ಷಗಳ ಹಿಂದೆ ಬೇರೊಂದು ಊರಿನ ದಂತವೈದ್ಯರು "ಚೆನ್ನಾಗಿ ನೋಯುತ್ತದೆ, ಗಟ್ಟಿಯಾಗಿ ಹಿಡಿದುಕೊಳ್ಳಿ" ಎಂದು ಸೂಜಿ ಚುಚ್ಚಿದ್ದು ದಾರಿಯುದ್ದಕ್ಕೂ ನೆನಪಾಗುತ್ತಿತ್ತು.

ಇಲ್ಲಿನ ವೈದ್ಯೆ ಮೊದಲು ಆ ಹಳೆಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ವಸಡಿಗೆ ಜೆಲ್ ಸವರಿ, ಅದು ಮರಗಟ್ಟುವವರೆಗೆ ಕಾದು, "ಈಗ ಈ ಭಾಗಕ್ಕೆ ಜೋಮು ಹಿಡಿಸುತ್ತೇನೆ, ಆಮೇಲೆ ನಿಮಗೆ ಹಾಯಾಗಿರುತ್ತದೆ, ಎಡಗೈ ಎತ್ತಿದರೆ ತಕ್ಷಣ ನಿಲ್ಲಿಸುತ್ತೇನೆ" ಎಂದರು. ಕೆನ್ನೆಯನ್ನು ಮೆಲ್ಲಗೆ ಅಲುಗಿಸುತ್ತಲೇ ಸೂಜಿ ಹಾಕಿದರು. ಕೈ ಎತ್ತುವ ಪ್ರಸಂಗವೇ ಬರಲಿಲ್ಲ.

ನೋಯುತ್ತದೆಂಬ ನಿರೀಕ್ಷೆಯೇ ನೋವನ್ನು ಹೆಚ್ಚಿಸುವ ಇಂಥ ಪರಿಣಾಮವನ್ನು ವೈದ್ಯರು 'ನೊಸಿಬೊ' ಎನ್ನುತ್ತಾರೆ. ಇದು ಬರಿಯ ಮನಸ್ಸಿನ ಭ್ರಮೆಯಲ್ಲ. ಆತಂಕದಿಂದ ಚುರುಕಾಗುವ ಕೋಲಿಸಿಸ್ಟೊಕೈನಿನ್ ಎಂಬ ರಾಸಾಯನಿಕವು ನೋವನ್ನು ಹಿಗ್ಗಿಸುತ್ತದೆ. ಇಟಲಿಯ ಫ್ಯಾಬ್ರಿಜಿಯೊ ಬೆನೆಡೆಟ್ಟಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದನ್ನು ತಡೆಯುವ ಪ್ರೋಗ್ಲುಮೈಡ್ ಔಷಧ ಕೊಟ್ಟಾಗ, ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಕೆಟ್ಟ ನಿರೀಕ್ಷೆಯಿಂದ ಏರಬೇಕಿದ್ದ ನೋವು ಏರಲಿಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಹೆರಿಗೆಗೆ ಬಂದ 140 ಮಹಿಳೆಯರ ಪೈಕಿ ಕೆಲವರಿಗೆ, ಬೆನ್ನಿಗೆ ಅರಿವಳಿಕೆ ಚುಚ್ಚುವ ಮೊದಲು "ದೊಡ್ಡ ಜೇನುಹುಳ ಕಚ್ಚಿದಂತಾಗುತ್ತದೆ" ಎಂದೂ ಉಳಿದವರಿಗೆ ಸಮಾಧಾನದ ಮಾತನ್ನೂ ಹೇಳಲಾಗಿತ್ತು. ಹತ್ತರ ಅಳತೆಯಲ್ಲಿ ನೋವಿನ ಮಧ್ಯಾಂಕ ಮೊದಲ ಗುಂಪಿಗೆ 5, ಎರಡನೆಯದಕ್ಕೆ 3 ಇತ್ತು. ಹಾಗೆಂದು ಭಯವೆಲ್ಲ ಒಂದೇ ಬಗೆಯದಲ್ಲ: ಕಾಡಾನೆ ಎದುರಾಗಿ ತೋಟದಲ್ಲಿ ಓಡಿದವರಿಗೆ ಕಾಲಿಗೆ ಮುಳ್ಳು ಹೊಕ್ಕಿದ್ದು ಮನೆ ಸೇರಿದ ಮೇಲೆಯೇ ತಿಳಿಯಬಹುದು. ನೋವನ್ನು ಬೆಳೆಸುವುದು, ಬರಲಿರುವುದನ್ನು ಕಾಯುತ್ತ ಕೂರುವ ಆತಂಕ.

ವೈದ್ಯೆ ಏನನ್ನೂ ಮುಚ್ಚಿಡಲಿಲ್ಲ ಎಂಬುದು ನನಗೆ ಬಹಳ ಮುಖ್ಯವೆನಿಸಿತು. ಜೋಮು ಇಳಿದ ಮೇಲೆ ಸಂಜೆ ಸ್ವಲ್ಪ ನೋಯಬಹುದೆಂದು ತಿಳಿಸಿ, ಮಾತ್ರೆಯನ್ನು ಯಾವಾಗ ನುಂಗಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟರು.

ಕೊರತೆಯೆಂದರೆ ಹೊರಗಿನ ಕೋಣೆ. ತೆಳುವಾದ ಹಲಗೆಯ ಗೋಡೆಯಾಚೆಯಿಂದ ಡ್ರಿಲ್ಲಿನ ಸದ್ದು ನೇರವಾಗಿ ಕೇಳಿಸುತ್ತದೆ. ಮುಕ್ಕಾಲು ಗಂಟೆ ಅದನ್ನು ಕೇಳುತ್ತ ಕೂತವರಿಗೆ ಒಳಗಿನ ಒಳ್ಳೆಯ ಮಾತು ತಲುಪುವ ಹೊತ್ತಿಗೆ ಅರ್ಧ ಧೈರ್ಯ ಕರಗಿರುತ್ತದೆ. ಹಲ್ಲುನೋವನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿರುವ ನಮ್ಮ ಅತ್ತೆಯನ್ನು ಮುಂದಿನ ವಾರ ಕರೆದೊಯ್ಯುತ್ತಿದ್ದೇನೆ. ಅವರಿಗೆ ಬೆಳಗಿನ ಮೊದಲ ಸರದಿಯನ್ನೇ ಕೇಳಿ ಪಡೆದಿದ್ದೇನೆ.